ದಂಡ ಹಿಡಿದ ಭಿಕ್ಷು: ಆದರ್ಶವೂ ಆಷಾಢಭೂತಿತನವೂ

ಆದರ್ಶವನ್ನು ನುಡಿಯುವುದು ಸುಲಭ, ನಡೆಯುವುದು ಕಠಿನ. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ನುಡಿದಂತೆ ನಡೆಯಲಾರದವರೆಲ್ಲರೂ ಡಾಂಭಿಕರೇ? ಹಾಗಾದರೆ ಲೋಕದಲ್ಲಿ ಡಾಂಭಿಕನಲ್ಲದವನು ಒಬ್ಬನೂ ಉಳಿಯಲಾರನು. ಯಾರೂ ಡಾಂಭಿಕರಲ್ಲವೆಂದರೆ ವಂಚಕನಿಗೂ ಸಾಧಕನಿಗೂ ಭೇದವೇ ಇಲ್ಲದಂತಾಗುತ್ತದೆ. “ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ” ಎಂದು ಗಾದೆಯಾಡಿ ನಕ್ಕುಬಿಟ್ಟರೆ ಪ್ರಶ್ನೆ ತೀರುವುದಿಲ್ಲ. ಅದನ್ನು ಪರೀಕ್ಷಿಸಿ ನೋಡುವುದಕ್ಕೆ ಅಹಿಂಸೆಯ ದೀಕ್ಷೆ ಹೊತ್ತೂ ಕಾಳಗದ ಕಲೆಯಲ್ಲಿ ಜಗತ್ಪ್ರಸಿದ್ಧರಾದ ಚೀನಾ ಮತ್ತು ಜಪಾನುಗಳ ಬೌದ್ಧ ಭಿಕ್ಷುಗಳಿಗಿಂತ ತಕ್ಕ ದೃಷ್ಟಾಂತ ಸಿಕ್ಕುವುದು ಕಷ್ಟ.

ಈ ವಿಚಾರಕ್ಕೆ ಸದ್ಯದ ನಿಮಿತ್ತವೂ ಒಂದಿದೆ. ಚೀನಾದ ಹೆನಾನ್ ಪ್ರಾಂತದ ಶಾವೊಲಿನ್ ವಿಹಾರಕ್ಕೆ 1999ರಿಂದ ಮಠಾಧಿಪತಿಯಾಗಿದ್ದ ಶಿ ಯೊಂಗ್‌ಸಿನ್ ಅವರ ಮೇಲೆ ತನಿಖೆ ನಡೆಯುತ್ತಿದೆಯೆಂದು 2025ರ ಜುಲೈ ತಿಂಗಳಲ್ಲಿ ಆ ವಿಹಾರವೇ ಪ್ರಕಟಿಸಿತು. ವಿಹಾರದ ಹಣವನ್ನು ದುರುಪಯೋಗ ಮಾಡಿಕೊಂಡರು, ಬ್ರಹ್ಮಚರ್ಯವನ್ನು ಬಹುಕಾಲದಿಂದ ಉಲ್ಲಂಘಿಸಿದರು ಎಂಬುವು ಅವರ ಮೇಲಿನ ಆರೋಪಗಳು. ಮರುದಿನವೇ ಚೀನಾದ ಬೌದ್ಧ ಸಂಘವು ಅವರ ದೀಕ್ಷಾಪತ್ರವನ್ನು ರದ್ದುಗೊಳಿಸಿತು. ಇದೇ ಬಗೆಯ ಆಪಾದನೆಗಳನ್ನು 2015ರಲ್ಲಿ ಅವರ ಹಿಂದಿನ ಶಿಷ್ಯರೊಬ್ಬರು ಹೊರಿಸಿದ್ದರು. ಆಗ ನಡೆದ ಸರಕಾರಿ ತನಿಖೆಯು ಅವರನ್ನು 2017ರಲ್ಲಿ ದೋಷಮುಕ್ತರನ್ನಾಗಿಸಿತ್ತು. ಒಬ್ಬ ವ್ಯಕ್ತಿಯ ಅಪರಾಧವನ್ನು ನಿರ್ಣಯಿಸುವುದು ನ್ಯಾಯಾಲಯದ ಕಾರ್ಯ, ನಮ್ಮದಲ್ಲ. ಕಾಷಾಯವನ್ನುಟ್ಟವನಿಂದ ಲೋಕವು ಏನನ್ನು ನಿರೀಕ್ಷಿಸುತ್ತದೆ, ಆ ನಿರೀಕ್ಷೆ ಯಾವಾಗ ಮುರಿಯುತ್ತದೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಮೊದಲು ಆದರ್ಶವೇನೆಂಬುದನ್ನು ತಿಳಿಯೋಣ. ಬೌದ್ಧ ವಿನಯದಲ್ಲಿ ಭಿಕ್ಷುವನ್ನು ಸಂಘದಿಂದಲೇ ಚ್ಯುತಗೊಳಿಸುವ ನಾಲ್ಕು ಮಹಾಪರಾಧಗಳಿವೆ. ಅವಕ್ಕೆ ಪಾರಾಜಿಕಗಳೆಂದು ಹೆಸರು. ಮೈಥುನ, ಚೌರ್ಯ, ಮನುಷ್ಯವಧೆ ಇವು ಮೊದಲ ಮೂರು. ತನಗಿಲ್ಲದ ಆಧ್ಯಾತ್ಮಿಕ ಸಿದ್ಧಿಯನ್ನು ಇದೆಯೆಂದು ಬೂಟಾಟಿಕೆಯಿಂದ ಹೇಳಿಕೊಳ್ಳುವುದು ನಾಲ್ಕನೆಯದು. ಡಂಭವನ್ನು ನರಹತ್ಯೆಯ ಸಾಲಿನಲ್ಲಿಯೇ ಇರಿಸಿದ ಶಾಸ್ತ್ರಕಾರರ ದೃಷ್ಟಿಯು ಎಷ್ಟು ತೀಕ್ಷ್ಣವಾದುದೆಂಬುದನ್ನು ವಾಚಕರು ಗಮನಿಸಬೇಕು. ಯುದ್ಧಕ್ಕೆ ಹೊರಟ ಸೈನ್ಯವನ್ನು ಸಕಾರಣವಿಲ್ಲದೆ ನೋಡಲು ಹೋಗುವುದೂ ಭಿಕ್ಷುವಿಗೆ ದೋಷವೇ. ಸಹಭಿಕ್ಷುವನ್ನು ಕೋಪದಿಂದ ಹೊಡೆಯುವುದೂ ದೋಷವೇ. ಚೀನಾದಲ್ಲಿ ಬೋಧಿಸತ್ತ್ವಶೀಲಕ್ಕೆ ಪ್ರಮಾಣವೆನಿಸಿದ ಬ್ರಹ್ಮಜಾಲಸೂತ್ರವು ಆಯುಧಗಳ ಸಂಗ್ರಹವನ್ನೇ ನಿಷೇಧಿಸುತ್ತದೆ. ತಂದೆತಾಯಿಗಳನ್ನು ಕೊಂದವನ ಮೇಲೂ ಪ್ರತೀಕಾರ ಸಲ್ಲದೆನ್ನುತ್ತದೆ. ಇಷ್ಟು ಉನ್ನತವಾದ ಶಿಖರವನ್ನು ಎದುರಿಗಿರಿಸಿಕೊಂಡವರು ದಂಡವನ್ನು ಕೈಗೆತ್ತಿಕೊಂಡ ಬಗೆಯೆಂತು?

ಶಾವೊಲಿನ್ ವಿಹಾರವು ಕ್ರಿ.ಶ. 495ರ ಸುಮಾರಿಗೆ ಭಾರತದಿಂದ ಹೋದ ಭಿಕ್ಷುವೊಬ್ಬರಿಗಾಗಿ ಉತ್ತರ ವೇಯ್ ವಂಶದ ಅರಸನು ಸೊಂಗ್‌ಶಾನ್ ಪರ್ವತದಲ್ಲಿ ಕಟ್ಟಿಸಿಕೊಟ್ಟ ಸ್ಥಾನ. ದಕ್ಷಿಣ ಭಾರತದ ಬೋಧಿಧರ್ಮನೇ ಅಲ್ಲಿ ಮಲ್ಲವಿದ್ಯೆಯನ್ನು ಕಲಿಸಿದನೆಂಬ ಕಥೆ ಲೋಕಪ್ರಿಯವಾದರೂ ಇತಿಹಾಸಕ್ಕೆ ಒಪ್ಪದು. ಆ ಕಥೆಗೆ ಮೂಲವಾದ ವ್ಯಾಯಾಮಗ್ರಂಥವು ಹದಿನೇಳನೆಯ ಶತಮಾನದ್ದು. ಶಾಸನಗಳಿಂದ ತಿಳಿದುಬರುವ ಸಂಗತಿ ಬೇರೆ. ಕ್ರಿ.ಶ. 621ರಲ್ಲಿ ವಿಹಾರದ ಭಿಕ್ಷುಗಳು ಮುಂದೆ ಟಾಂಗ್ ವಂಶದ ಚಕ್ರವರ್ತಿಯಾದ ಲಿ ಶಿಮಿನ್‌ನ ಪಕ್ಷ ವಹಿಸಿ, ಅವನ ಪ್ರತಿಸ್ಪರ್ಧಿ ವಾಂಗ್ ಶಿಚೊಂಗ್‌ನ ಪಡೆಯನ್ನು ಎದುರಿಸಿದರು. 728ರ ಶಿಲಾಶಾಸನದಲ್ಲಿ ಹದಿಮೂವರು ಭಿಕ್ಷುಗಳ ಹೆಸರುಗಳಿವೆ. ಅವರಲ್ಲೊಬ್ಬನಿಗೆ ದಂಡನಾಯಕ ಪದವಿ ದೊರೆಯಿತು, ವಿಹಾರಕ್ಕೆ ಭೂಮಿ ದೊರೆಯಿತು. ಕಾಳಗ ನಡೆದ ಕಣಿವೆಯೂ ವಿಹಾರದ ಉಂಬಳಿಯೇ ಆಗಿದ್ದು, ಶತ್ರುವಿನ ವಶವಾಗಿತ್ತು. ಆ ಭಿಕ್ಷುಗಳು ಕಾದಿದ್ದು ಧರ್ಮಕ್ಕೋ, ದೇಶಕ್ಕೋ, ಹೊಲಕ್ಕೋ ಎಂದು ಕೇಳುವುದು ಉದ್ಧಟತನವಾಗಲಾರದು.

ಮಿಂಗ್ ಕಾಲದಲ್ಲಿ, 1553ರಲ್ಲಿ, ಕರಾವಳಿಯನ್ನು ಸೂರೆಗೈಯುತ್ತಿದ್ದ ಕಡಲ್ಗಳ್ಳರನ್ನು ಅಡಗಿಸಲು ಶಾವೊಲಿನ್ ಭಿಕ್ಷುಗಳು ಹೋರಾಡಿ ಕೀರ್ತಿ ಪಡೆದರು. ಕೊಲೆಗಡುಕರಿಂದ ಹಳ್ಳಿಗರನ್ನು ಉಳಿಸಿದ್ದು ಸಾಮಾನ್ಯ ಉಪಕಾರವಲ್ಲ. ಆದರೆ ಅದೇ ಕಾಳಗದಲ್ಲಿ ತಪ್ಪಿಸಿಕೊಂಡು ಓಡುತ್ತಿದ್ದ ಕಡಲ್ಗಳ್ಳನೊಬ್ಬನ ಹೆಂಡತಿಯನ್ನು ಭಿಕ್ಷುವೊಬ್ಬನು ಕಬ್ಬಿಣದ ದಂಡದಿಂದ ಹೊಡೆದು ಕೊಂದನೆಂದು ವರದಿಯಿದೆ. ರಕ್ಷಣೆಗೆಂದು ಎತ್ತಿದ ಕೈ ಎಲ್ಲಿ ನಿಲ್ಲಬೇಕೆಂಬುದನ್ನು ಕೈಯೇ ಅರಿಯದು. ಹಿಂಸೆಗೆ ಬಾಗಿಲನ್ನು ಅಂಗುಲದಷ್ಟು ತೆರೆದರೂ ಅದು ಮೊಳದಷ್ಟು ಒಳನುಗ್ಗುತ್ತದೆ.

ಆಚರಣೆ ಹೀಗೆ ಆದರ್ಶದಿಂದ ದೂರ ಸರಿದಾಗ ಅದರ ಸಮರ್ಥನೆಗೆ ಕಥೆಗಳು ಹುಟ್ಟುತ್ತವೆ. ಬಲಕ್ಕಾಗಿ ವಜ್ರಪಾಣಿಯನ್ನು ಪ್ರಾರ್ಥಿಸಿದ ಭಿಕ್ಷುವಿಗೆ ಆ ದೇವತೆಯೇ ಬಲವಂತದಿಂದ ಮಾಂಸ ತಿನ್ನಿಸಿತೆಂಬ ಕಥೆ ಟಾಂಗ್ ಕಾಲದಷ್ಟು ಹಳೆಯದು. ಲಿ ಶಿಮಿನ್ ಚಕ್ರವರ್ತಿಯು ಯೋಧಭಿಕ್ಷುಗಳಿಗೆ ಮದ್ಯಮಾಂಸಗಳ ಅಪ್ಪಣೆ ಕೊಟ್ಟನೆಂಬ ಪ್ರತೀತಿಯಿದೆ. ಶಾಸನದಲ್ಲಿ ಅಂಥ ಅಪ್ಪಣೆಯ ಸುಳಿವೇ ಇಲ್ಲ. ತಪ್ಪನ್ನು ತಪ್ಪೆಂದು ಒಪ್ಪುವುದರ ಬದಲು ದೇವರ ಹೆಸರಿನಲ್ಲೋ ಅರಸನ ಹೆಸರಿನಲ್ಲೋ ಅದಕ್ಕೆ ಮುದ್ರೆಯೊತ್ತಿಸುವುದು ಮನುಷ್ಯನ ಹಳೆಯ ಉಪಾಯ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಮಹಾಯಾನದಲ್ಲಿ ಕರುಣೆಯಿಂದ ಮಾಡಿದ ವಧೆಗೂ ಎಡೆಯಿಲ್ಲವೇ? ಇದೆ. ಉಪಾಯಕೌಶಲ್ಯಸೂತ್ರದಲ್ಲಿ ಒಂದು ಕಥೆ ಬರುತ್ತದೆ. ಹಡಗಿನಲ್ಲಿದ್ದ ಐನೂರು ವರ್ತಕರನ್ನು ಕೊಲ್ಲಲು ಹವಣಿಸಿದ ಒಬ್ಬ ದುಷ್ಟನನ್ನು ನಾವಿಕನಾಗಿದ್ದ ಬೋಧಿಸತ್ತ್ವನು ಕೊಲ್ಲುತ್ತಾನೆ. ಆದರೆ ಅವನ ಸಂಕಲ್ಪವೇನು? ವರ್ತಕರು ಉಳಿಯಲಿ, ಆ ದುಷ್ಟನಿಗೂ ಮಹಾಪಾಪ ತಪ್ಪಲಿ, ಇದರ ನರಕಫಲವನ್ನು ತಾನೇ ಉಣ್ಣುವೆನು ಎಂಬುದು. ಕಥೆಯ ಜೀವಾಳವೇ ಇದು. ವಿನಾಯಿತಿಯನ್ನು ಕೇಳುವವನು ಅದರ ಬೆಲೆಯನ್ನೂ ತೆರಲು ಸಿದ್ಧನಾಗಿದ್ದಾನೆ. ಬೆಲೆಯನ್ನು ತೆರದೆ, ಮೇಲಾಗಿ ಉಂಬಳಿ, ಪದವಿ, ಕೀರ್ತಿಗಳನ್ನು ಪಡೆದು, ಅದೇ ಕಥೆಯನ್ನು ಮುಂದೊಡ್ಡುವವನು ಬೋಧಿಸತ್ತ್ವನ ಮಾತನ್ನು ಎರವಲು ಪಡೆದಿದ್ದಾನೆಯೇ ಹೊರತು ಅವನ ಮನಸ್ಸನ್ನಲ್ಲ.

ಜಪಾನಿನಲ್ಲಿ ಈ ಪ್ರಶ್ನೆಯು ಇನ್ನೂ ಸೂಕ್ಷ್ಮವಾದ ರೂಪ ತಾಳಿತು. ಹಿಯೇಯ್ ಪರ್ವತದ ಎನ್ರ್ಯಾಕುಜಿ ವಿಹಾರದವರು 1081ರಲ್ಲಿ ತಮ್ಮದೇ ಸಂಪ್ರದಾಯದ ಮಿಯಿದೆರಾ ವಿಹಾರವನ್ನು ಸುಟ್ಟರು. 1571ರಲ್ಲಿ ಓಡಾ ನೊಬುನಾಗನು ಎನ್ರ್ಯಾಕುಜಿಯನ್ನೇ ಸುಟ್ಟನು. ಇದು ಒರಟು ಹಿಂಸೆ, ಎಲ್ಲರ ಕಣ್ಣಿಗೂ ಕಾಣುವಂಥದು. ಕಣ್ಣಿಗೆ ಕಾಣದ ಅಪಾಯ ಬೇರೊಂದಿದೆ. ಹದಿನೇಳನೆಯ ಶತಮಾನದ ಝೆನ್ ಆಚಾರ್ಯ ಟಾಕುಆನ್ ಖಡ್ಗವಿದ್ಯೆಯ ಗುರು ಯಾಗ್ಯು ಮುನೆನೊರಿಗೆ ಬರೆದ ಪತ್ರದಲ್ಲಿ, ಮನಸ್ಸು ಎಲ್ಲಿಯೂ ಅಂಟಬಾರದು, ಹೊಡೆಯುವವನೂ ಖಡ್ಗವೂ ಹೊಡೆಸಿಕೊಳ್ಳುವವನೂ ಶೂನ್ಯವೇ ಎಂಬ ತಾತ್ಪರ್ಯದ ಉಪದೇಶವಿದೆ. ಅನಾಸಕ್ತಿಯ ಪಾಠವಾಗಿ ಇದು ಮನೋಹರವಾದುದು. ಆದರೆ ಖಡ್ಗಧಾರಿಯ ಕೈಗೆ ಬಂದಾಗ ಇದರ ಪರಿಣಾಮವೇನು? ಹೊಡೆಸಿಕೊಳ್ಳುವವನು ಶೂನ್ಯವಾದರೆ ಅವನ ವೇದನೆಯೂ ಶೂನ್ಯವೇ? ತನ್ನ ಕೊರಳಿಗೆ ಕತ್ತಿ ಬಂದಾಗ ಈ ತತ್ತ್ವವನ್ನು ನೆನೆಯುವವನು ಸಾಧಕ. ಪರರ ಕೊರಳಿಗೆ ಕತ್ತಿ ಬೀಸುವಾಗ ನೆನೆಯುವವನು ತನ್ನನ್ನೇ ವಂಚಿಸಿಕೊಳ್ಳುವವನು. ಇಪ್ಪತ್ತನೆಯ ಶತಮಾನದ ಯುದ್ಧಗಳಲ್ಲಿ ಜಪಾನಿನ ಅನೇಕ ಝೆನ್ ಆಚಾರ್ಯರು ಇಂಥ ಮಾತುಗಳನ್ನೇ ಸೈನಿಕರಿಗೆ ಬೋಧಿಸಿದರು. ಬ್ರಯಾನ್ ವಿಕ್ಟೋರಿಯಾ ಎಂಬ ಭಿಕ್ಷುವಿದ್ವಾಂಸರು 1997ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ದಾಖಲೆ ಸಹಿತ ವಿವರಿಸಿದ್ದಾರೆ. ಸೋಟೊ ಪಂಥವು 1992ರಲ್ಲಿಯೂ ರಿನ್ಜಾಯ್ ಪಂಥದ ಮ್ಯೋಶಿನ್‌ಜಿ ಶಾಖೆಯು 2001ರಲ್ಲಿಯೂ ತಮ್ಮ ಪೂರ್ವಿಕರ ಯುದ್ಧಸಹಕಾರಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪ ಸೂಚಿಸಿದವು. ತಡವಾದರೂ ಇದು ಧರ್ಮಕ್ಕೆ ಭೂಷಣವಾದ ಕಾರ್ಯ. ತಮ್ಮ ಪಂಥ ತಪ್ಪಿತೆಂದು ಒಪ್ಪಿದವರು ತಮ್ಮ ಆದರ್ಶವನ್ನು ಮರಳಿ ಪಡೆದರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆದರ್ಶಕ್ಕೂ ಆಚರಣೆಗೂ ಅಂತರವಿರುವವರು ಮೂರು ಬಗೆ. ತಾನು ಬಿದ್ದೆನೆಂದು ಅರಿತು ನೊಂದು ಏಳಲು ಯತ್ನಿಸುವವನು ದುರ್ಬಲನು. ತನ್ನ ನಡತೆಗೆ ತಕ್ಕಂತೆ ಆದರ್ಶವನ್ನೇ ತಗ್ಗಿಸಿ ವ್ಯಾಖ್ಯಾನ ಮಾಡುವವನು ಕುಯುಕ್ತಿಯವನು. ಆದರ್ಶವನ್ನು ಎತ್ತರದಲ್ಲಿಯೇ ನಿಲ್ಲಿಸಿ, ಅದರ ಹೊಳಪಿನಿಂದ ಗೌರವ, ಧನ, ಅಧಿಕಾರಗಳನ್ನು ಸಂಪಾದಿಸಿ, ತನ್ನನ್ನು ಮಾತ್ರ ಅದರಿಂದ ಹೊರಗಿಟ್ಟುಕೊಳ್ಳುವವನೇ ನಿಜವಾದ ಆಷಾಢಭೂತಿ. ಮೊದಲನೆಯವನಿಗೆ ಕರುಣೆ ಸಲ್ಲಬೇಕು, ಎರಡನೆಯವನಿಗೆ ವಾದ, ಮೂರನೆಯವನಿಗೆ ತಡೆ. ಮಾಯೆಯನ್ನು ಶಲ್ಯವೆಂದು ಕರೆದು, ಶಲ್ಯವಿರುವವರೆಗೆ ವ್ರತವು ವ್ರತವಾಗದೆಂದು ಸಾರಿದ ನಮ್ಮ ಪೂರ್ವಾಚಾರ್ಯರಿಗೂ ಪಾರಾಜಿಕವನ್ನು ವಿಧಿಸಿದ ವಿನಯಧರರಿಗೂ ಇಲ್ಲಿ ಏಕಾಭಿಪ್ರಾಯವಿದೆ. ಮುಳ್ಳು ಒಳಗೆ ಉಳಿದರೆ ಮೇಲಿನ ಚರ್ಮ ಕೂಡಿಕೊಂಡರೂ ಗಾಯ ಮಾಯದು.

ಈ ಹೊಣೆ ಗುರುವಿನದಷ್ಟೇ ಅಲ್ಲ. 1982ರಲ್ಲಿ ಶಾವೊಲಿನ್ ಕುರಿತ ಚಲನಚಿತ್ರವೊಂದು ಜನಪ್ರಿಯವಾದ ಮೇಲೆ ಜನಪ್ರವಾಹವೇ ಆ ಪರ್ವತದತ್ತ ಹರಿಯಿತು. ಸುತ್ತಲಿನ ದೆಂಗ್‌ಫೆಂಗ್ ಪಟ್ಟಣದ ಮಲ್ಲಶಾಲೆಗಳಲ್ಲಿ ಹತ್ತಾರು ಸಾವಿರ ಮಕ್ಕಳು ಕಲಿಯುತ್ತಾರೆ. ವಿಹಾರದ ಹೆಸರು ವ್ಯಾಪಾರಮುದ್ರೆಯಾಯಿತು. 2006ರಲ್ಲಿ ಪ್ರವಾಸೋದ್ಯಮಕ್ಕೆ ನೆರವಾದುದಕ್ಕಾಗಿ ಸ್ಥಳೀಯ ಆಡಳಿತವು ಮಠಾಧಿಪತಿಗೆ ಬೆಲೆಬಾಳುವ ಮೋಟಾರು ವಾಹನವನ್ನು ಬಹುಮಾನವಾಗಿತ್ತಿತು. ಹಾರಿ ಒದೆಯುವ ಭಿಕ್ಷುವನ್ನು ನೋಡಲು ಸಾವಿರ ಕಣ್ಣುಗಳು, ಮೌನದಲ್ಲಿ ಕುಳಿತ ಭಿಕ್ಷುವನ್ನು ನೋಡಲು ಒಂದೂ ಇಲ್ಲ! ನಾವು ಯಾವುದಕ್ಕೆ ಚಪ್ಪಾಳೆ ತಟ್ಟುತ್ತೇವೆಯೋ ಅದನ್ನೇ ಮಠಗಳು ಬೆಳೆಸುತ್ತವೆ. ಹೀಗಿರುವಾಗ ಅಲ್ಲಿ ತನ್ನ ದೇಹವನ್ನೂ ಮನಸ್ಸನ್ನೂ ಗುರುವಿನ ಕೈಗೊಪ್ಪಿಸಿದ ಹುಡುಗನ ಗತಿಯೇನು? ಗುರುವಿನ ಡಂಭ ಬಯಲಾದ ದಿನ ಅವನು ಗುರುವನ್ನಷ್ಟೇ ಕಳೆದುಕೊಳ್ಳುವುದಿಲ್ಲ. ಒಳಿತೆಂಬುದೇ ಸುಳ್ಳೆಂದು ನಂಬಿಬಿಡುವ ಸಂಭವವುಂಟು. ಡಾಂಭಿಕನು ಮಾಡುವ ಅತಿ ದೊಡ್ಡ ಹಿಂಸೆ ಇದೇ.

ಹಾಗೆಂದು ಆದರ್ಶವನ್ನೇ ಬಿಟ್ಟುಬಿಡೋಣವೆಂಬುದು ಅವಿಚಾರ. ದೀಪದ ಬುಡದಲ್ಲಿ ಕತ್ತಲೆಯೆಂದು ದೀಪವನ್ನಾರಿಸಿದರೆ ಮನೆಯೆಲ್ಲವೂ ಕತ್ತಲೆಯಾಗುತ್ತದೆ. ಭಿಕ್ಷುವಿನ ತಪ್ಪು ತಪ್ಪೆಂದು ಕಾಣುವುದೇ ಆದರ್ಶವು ಬೆಳಕನ್ನು ಚೆಲ್ಲುತ್ತಿರುವುದರಿಂದ. ಬೌದ್ಧಸಂಘದಲ್ಲಿ ಪಕ್ಷಕ್ಕೊಮ್ಮೆ ಪೋಷಧದಿನದಂದು ನಿಯಮಗಳನ್ನು ಪಠಿಸುವ, ಅದಕ್ಕೆ ಮುನ್ನ ತಮ್ಮ ದೋಷಗಳನ್ನು ನಿವೇದಿಸಿಕೊಳ್ಳುವ ಪದ್ಧತಿಯನ್ನು ಇಟ್ಟದ್ದು ಇದಕ್ಕಾಗಿಯೇ. ಆ ನಿವೇದನೆಯಲ್ಲಿ ಹಿರಿಯನಿಗೂ ವಿನಾಯಿತಿಯಿಲ್ಲ. ಹಿರಿಯನನ್ನು ಪ್ರಶ್ನಿಸುವ ಆ ದ್ವಾರ ಮುಚ್ಚಿದಲ್ಲೆಲ್ಲ ಡಂಭಕ್ಕೆ ನೆಲೆಯಾಗುತ್ತದೆ, ಕೊನೆಗೆ ಸರಕಾರದ ಅಧಿಕಾರಿ ಬಂದು ಬಾಗಿಲು ತಟ್ಟಬೇಕಾಗುತ್ತದೆ.

ಆದುದರಿಂದ ಗುರುವನ್ನು ಅರಸುವವನು ಮೂರನ್ನು ನೋಡಲಿ. ಅವನು ತನಗೆ ನಷ್ಟ ತರುವಾಗಲೂ ತನ್ನ ನಿಯಮಕ್ಕೆ ಬದ್ಧನೇ? ತನ್ನ ತಪ್ಪನ್ನು ಶಿಷ್ಯರೆದುರು ತಪ್ಪೆನ್ನಬಲ್ಲನೇ? ತಾನು ಕೇಳುವ ವಿನಾಯಿತಿಯ ಬೆಲೆಯನ್ನು ತಾನೇ ತೆರುವನೇ? ಇವಕ್ಕೆ ಹೌದೆಂಬ ಉತ್ತರ ದೊರೆತರೆ ಅವನು ಎಷ್ಟು ಸಲ ಎಡವಿದವನಾದರೂ ವಂದ್ಯನು. ಇಲ್ಲವೆಂದಾದರೆ ಅವನ ದಂಡ ಎಷ್ಟು ಚುರುಕಾಗಿ ತಿರುಗಿದರೂ ಅದು ಬರಿಯ ಕೋಲು. ಪರರನ್ನು ಅಳೆಯಲು ಕೈಗೆತ್ತಿಕೊಂಡ ಈ ಅಳತೆಯ ಕೋಲನ್ನು ಮೊದಲು ನಮ್ಮ ಮನೆಗಳಲ್ಲಿ, ನಮ್ಮ ಸಂಸ್ಥೆಗಳಲ್ಲಿ, ನಮ್ಮೊಳಗೆ ಹಿಡಿದು ನೋಡುವುದು ವಿವೇಕಿಗಳಿಗೆ ಉಚಿತವಾದ ಮಾರ್ಗ.