ಹಳ್ಳಿಯವರಿಗೆ ಅಷ್ಟು ಸಾಕೇ?

“ಹಳ್ಳಿಯಲ್ಲಿ ಖರ್ಚು ಕಡಿಮೆ, ಇದ್ದುದರಲ್ಲೇ ಜನ ನೆಮ್ಮದಿಯಾಗಿದ್ದಾರೆ” ಎಂಬ ಮಾತನ್ನು ಪಟ್ಟಣದಲ್ಲಿ ನೆಲೆಸಿದ ನಾವು ಆಗಾಗ ಆಡುತ್ತೇವೆ. ಈ ಮಾತು ಎಷ್ಟು ನಿಜ? ಅದನ್ನು ಆಡುವ ಹಕ್ಕು ನಮಗಿದೆಯೇ?

ಕೇಂದ್ರ ಸರ್ಕಾರದ 2023-24ರ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಹಳ್ಳಿಗಳಲ್ಲಿ ಒಬ್ಬರಿಗೆ ತಿಂಗಳಿಗೆ ತಗಲುವ ಸರಾಸರಿ ಖರ್ಚು 4,122 ರೂಪಾಯಿ. ಪಟ್ಟಣಗಳಲ್ಲಿ 6,996 ರೂಪಾಯಿ. 2011-12ರಲ್ಲಿ ಇದು ಕ್ರಮವಾಗಿ 1,430 ಮತ್ತು 2,630 ರೂಪಾಯಿ ಇತ್ತು. ಅಂತರ ತುಸು ತಗ್ಗಿದೆ, ಸಂತೋಷ. ಆದರೂ ಹಳ್ಳಿಯವರು ನೂರು ರೂಪಾಯಿ ಖರ್ಚು ಮಾಡುವಲ್ಲಿ ಪಟ್ಟಣದವರು ಸುಮಾರು ನೂರ ಎಪ್ಪತ್ತು ಖರ್ಚು ಮಾಡುತ್ತಾರೆ.

“ಅಲ್ಲಿ ಅಕ್ಕಿ, ಸೊಪ್ಪು ಮನೆಯಲ್ಲೇ ಬೆಳೆಯುತ್ತದಲ್ಲ!” ಎನ್ನುತ್ತೀರಾ? ಹಾಗೆ ಬೆಳೆದು ಉಂಡದ್ದಕ್ಕೂ ಬೆಲೆ ಕಟ್ಟಿಯೇ ಈ ಲೆಕ್ಕ ಮಾಡಿದ್ದಾರೆ. ಇನ್ನು ತಜ್ಞ ವೈದ್ಯರೇ ಇಲ್ಲದ ಊರಿನಲ್ಲಿ ಅವರ ಫೀಸು ಯಾರ ಖರ್ಚಿನಲ್ಲಿ ಸೇರೀತು? ಅವರನ್ನು ಕಾಣಲು ಪಟ್ಟಣಕ್ಕೆ ಬರಬೇಕಾದರೆ ಬಸ್ಸಿನ ಚಾರ್ಜಿನ ಜೊತೆಗೆ ಒಂದು ದಿನದ ಕೂಲಿಯೂ ಹೋಯಿತು. ಕಡಿಮೆ ಇದ್ದವರಿಗೇ ಚಿಕಿತ್ಸೆ ಹೆಚ್ಚು ದುಬಾರಿ!

ಸರಳ ಜೀವನ ಒಂದು ಸದ್ಗುಣ, ಒಪ್ಪೋಣ. ಆದರೆ ಬೇಡವೆಂದು ಬಿಟ್ಟವರದು ಸರಳತೆ. ಸಿಗದೆ ಬಿಟ್ಟವರದು ಕೊರತೆ. ಕೊರತೆಯನ್ನೇ ಸರಳತೆ ಎಂದು ಹೊಗಳುವುದು ಅನ್ಯಾಯ.

ಇದರಲ್ಲಿ ಋಣದ ಪ್ರಶ್ನೆಯೂ ಇದೆ. ಬೆಂಗಳೂರಿನ ನಲ್ಲಿಗಳಿಗೆ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ, ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಏರಿ ಬರುತ್ತದೆ. ನಾವು ಉಣ್ಣುವ ಅನ್ನ, ಕುಡಿಯುವ ಹಾಲು, ನಮ್ಮ ಮನೆ ಕಟ್ಟಿದ ಎಷ್ಟೋ ಕೈಗಳು ಹಳ್ಳಿಯವೇ. ಹಾಗಿರುವಾಗ ಹಳ್ಳಿಗೆ ಒಳ್ಳೆಯ ರಸ್ತೆ, ಆಸ್ಪತ್ರೆ, ಶಾಲೆ ಒದಗಿಸುವುದು ದಾನವಾಗದು, ಸಲ್ಲಬೇಕಾದ ಬಾಕಿ. ರೈತನ ಮಗನಾಗಿ ಹುಟ್ಟಿದ ಜಗದ್ಗುರು ಇಪ್ಪತ್ತಮೂರನೆಯ ಜಾನ್‌ರವರು 1961ರ ತಮ್ಮ ‘ಮಾತೆರ್ ಎತ್ ಮಜಿಸ್ತ್ರಾ’ ವಿಶ್ವಪತ್ರದಲ್ಲಿ ರಸ್ತೆ, ಕುಡಿಯುವ ನೀರು, ವೈದ್ಯಕೀಯ ಸೇವೆ, ಶಿಕ್ಷಣಗಳು ಹಳ್ಳಿಗೂ ತಲುಪಬೇಕೆಂದು ಇದನ್ನೇ ನ್ಯಾಯದ ವಿಷಯವಾಗಿ ಎತ್ತಿ ಹೇಳಿದ್ದರು.

ಸರ್ಕಾರ ಮಾಡಬೇಕಾದ್ದು ಬಹಳವಿದೆ. ನಮ್ಮ ಪಾಲಿನದೂ ಇದೆ. ದೊಡ್ಡ ಅಂಗಡಿಯಲ್ಲಿ ಹೇಳಿದ ಬೆಲೆ ತೆತ್ತು ಬರುವ ನಾವು ಸೊಪ್ಪು ಮಾರುವ ಅಮ್ಮನ ಬಳಿ ಚೌಕಾಶಿ ಮಾಡಬೇಕೇ? “ಅಪ್ಪ ಅಮ್ಮನಿಗೆ ಊರೇ ಹಿತ” ಎನ್ನುವ ಮುನ್ನ, ಅವರಿಗೆ ರಾತ್ರಿ ಎದೆನೋವು ಬಂದರೆ ಆಸ್ಪತ್ರೆ ಎಷ್ಟು ದೂರ ಎಂದು ಕೇಳಿದ್ದೇವೆಯೇ? ಈ ಭಾನುವಾರ ಫೋನು ಮಾಡಿದಾಗ ಕೇಳಿ ನೋಡಿ.