ಇಂದಿನ ಧಮ್ಮ ಚಿಂತನೆ: ಮರ ಕೊಯ್ಯುವವರ ಪ್ರಶ್ನೆ

 

ಬಂಧುಗಳೇ, ಕಳೆದ ಭಾನುವಾರ ಪಂಚಶೀಲ ಪಠಣ ಮುಗಿದ ಮೇಲೆ ನಮ್ಮ ಬಳಗದ ಉಪಾಸಕರೊಬ್ಬರು ಕೇಳಿದರು: "ಮೇಷ್ಟ್ರೇ, ನಾನು ಚೈನ್ ಸಾ ಮಷೀನ್ ಹಿಡಿದು ಮರ ಕೊಯ್ಯೋನು. ನನ್ನದು ಸಮ್ಮಾ ಆಜೀವ ಹೌದಾ?" ಅವರು ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಕೊಯ್ಯುವ ಕೂಲಿ. ನಾನು ಯೋಚಿಸದೆ, "ಗಿಡಮರ ಕಡಿಯಬಾರದು ಅಂತ ವಿನಯದಲ್ಲೇ ಇದೆಯಲ್ಲ" ಎಂದುಬಿಟ್ಟೆ. ಅವರು ಚಹಾ ಕುಡಿಯದೆ ಎದ್ದು ಹೋದರು.

ನಾನು ಹೇಳಿದ್ದು ತಪ್ಪು. ಆ ನಿಯಮ ಭಿಕ್ಷುಗಳಿಗೆ, ಗೃಹಸ್ಥರಿಗಲ್ಲ. ಅಂಗುತ್ತರ ನಿಕಾಯದಲ್ಲಿ ಉಪಾಸಕರಿಗೆ ಬೇಡವೆಂದ ವ್ಯಾಪಾರ ಐದು: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಮರ ಅದರಲ್ಲಿಲ್ಲ. ಪುಸ್ತಕ ನೋಡಿ ಹೇಳಬೇಕಿತ್ತು. ಪಾಠ ಮಾಡುವವರಿಗೆ ಉತ್ತರ ಕೊಡುವ ಚಟ.

ಪಟ್ಟಿಯಲ್ಲಿಲ್ಲ ಎಂದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಕಾಡು ಕರಗುತ್ತಿರುವುದೂ ನಿಜವೇ. ಇದೇ ಗುಂಗಿನಲ್ಲಿ ಈ ವಾರ ಪಶ್ಚಿಮ ಆಫ್ರಿಕದ ಘಾನಾ ದೇಶದ ಸಂಗತಿ ಓದಿದೆ. ಅಲ್ಲಿ ಈ ಮಷೀನಿನಿಂದ ಹಲಗೆ ಕೊಯ್ದು ಮಾರುವುದನ್ನು 1998ರಲ್ಲಿ ನಿಷೇಧಿಸಿದರು. ಆದರೆ ದೊಡ್ಡ ಮಿಲ್ಲುಗಳ ಕಣ್ಣು ರಫ್ತಿನ ಮೇಲೆ. ಊರಿನ ಬಡಗಿಗೆ, ಮನೆ ಕಟ್ಟುವ ಬಡವನಿಗೆ ಅಗ್ಗದ ಹಲಗೆ ಬೇಕು. ಹಾಗಾಗಿ ನಿಷೇಧವಾದ ಮೇಲೂ ಒಳನಾಡಿನ ಮಾರುಕಟ್ಟೆಗೆ ಹೆಚ್ಚಿನ ಹಲಗೆ ಬಂದದ್ದು ಇದೇ ಮಷೀನಿನಿಂದ. ಮರ ಬಿದ್ದಲ್ಲೇ ಕೊಯ್ದು, ತಲೆಯ ಮೇಲೆ ಹೊತ್ತು, ದಾರಿಯಲ್ಲಿ ಲಂಚ ಕೊಟ್ಟು ಸಾಗಿಸಿದರು. ಸರ್ಕಾರಕ್ಕೆ ಶುಲ್ಕ ಬರಲಿಲ್ಲ, ಮರವೂ ಉಳಿಯಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಅಲ್ಲಿ ಕೋಕೋ ತೋಟದಲ್ಲಿ ತಾನಾಗಿ ಬೆಳೆದ ಮರ ರೈತನದಲ್ಲ, ಸರ್ಕಾರದ ಸುಪರ್ದಿಯಲ್ಲಿರುತ್ತದೆ. ನೆರಳಿಗೆಂದು ಅದನ್ನು ಕಾಪಾಡಿದವನು ಮಾತ್ರ ರೈತ. ಪರವಾನಗಿ ಇರುವ ಕಂಪನಿ ಬಂದು ಕಡಿದರೆ ಕೋಕೋ ಗಿಡಗಳು ಮುರಿಯುತ್ತವೆ, ತಕ್ಕ ಪರಿಹಾರ ಸಿಗುವುದು ಅಪರೂಪ. ಕದ್ದು ಬರುವ ಮಷೀನಿನವನಾದರೆ ಒಂದಿಷ್ಟು ದುಡ್ಡೋ ನಾಲ್ಕು ಹಲಗೆಯೋ ಕೊಟ್ಟು ಹೋಗುತ್ತಾನೆ. ಇವರಲ್ಲಿ ಎರಡನೆಯ ಶೀಲ ಮುರಿದವರು ಯಾರು? ನಮ್ಮ ತಾತಂದಿರು ಉತ್ತ ಹೊಲದ ಪಹಣಿಯಲ್ಲಿ ಯಾರ ಹೆಸರಿತ್ತೆಂದು ಬಲ್ಲ ನಮಗೆ ಇದು ಹೊಸ ಪ್ರಶ್ನೆಯಲ್ಲ.

ದೀಘ ನಿಕಾಯದ ಕೂಟದಂತ ಸುತ್ತ ನೆನಪಾಯಿತು. ಕಳ್ಳಕಾಕರ ಕಾಟ ಇರುವ ರಾಜ್ಯದ ದೊರೆ ಮಹಾವಿಜಿತನಿಗೆ ಪುರೋಹಿತ ಹೇಳುವ ಬುದ್ಧಿಮಾತು ಅದರಲ್ಲಿದೆ. ಬಡಿದು, ಗಡಿಪಾರು ಮಾಡಿದರೆ ಉಳಿದವರು ಮತ್ತೆ ಕಾಡುತ್ತಾರೆ. ಬೇಸಾಯ ಮಾಡುವವನಿಗೆ ಬೀಜ ಕೊಡು, ವ್ಯಾಪಾರಿಗೆ ಬಂಡವಾಳ ಕೊಡು, ದುಡಿಯುವವನಿಗೆ ಸಂಬಳ ಕೊಡು ಎನ್ನುತ್ತಾನೆ. ಘಾನಾದಲ್ಲಿ ನಿಷೇಧ ಮೊದಲು ಬಂತು, ಬದಲಿ ಕೆಲಸದ ಮಾತು ಆಮೇಲೆ. ನಾನೂ ಅದನ್ನೇ ಮಾಡಿದೆ. ಕೂಲಿ ಎಷ್ಟು, ಕಾಲಿಗೆ ಮಷೀನ್ ತಗುಲಿದರೆ ಆಸ್ಪತ್ರೆ ಖರ್ಚು ಯಾರದು ಎಂದು ಒಂದು ಮಾತು ಕೇಳದೆ ತೀರ್ಪು ಕೊಟ್ಟೆ.

ನಿನ್ನೆ ಸಂಜೆ ಅವರಿಗೆ ಫೋನ್ ಮಾಡಿದೆ. ತಪ್ಪಾಯಿತು ಎನ್ನುವಷ್ಟರಲ್ಲಿ ಆ ಕಡೆ ಮಷೀನಿನ ಸದ್ದು. "ಇನ್ನೂ ಎರಡು ಮರ ಇದೆ ಮೇಷ್ಟ್ರೇ, ಭಾನುವಾರ ಬರ್ತೀನಿ" ಅಂದರು.