ಹಿತ್ತಲಿನ ಚಿಕ್ಕ ಸೇವಕರು

(ಆದಿಕಾಂಡ 2:15)



ದೇವರು ಆದಾಮನನ್ನು ತೋಟದಲ್ಲಿ ಇರಿಸಿದಾಗ ಅವನಿಗೆ ಎರಡು ಕೆಲಸಗಳನ್ನು ಒಪ್ಪಿಸಿದನು. ಒಂದು ಗೇಯ್ಮೆ, ಇನ್ನೊಂದು ಕಾವಲು. ಗೇಯ್ಮೆಯನ್ನು ನಾವೆಲ್ಲರೂ ಬಲ್ಲೆವು, ಕಾವಲನ್ನು ಮರೆತಿದ್ದೇವೆ. ನಾನೂ ಮರೆತವನೇ. ಆದಕಾರಣ ನನ್ನ ತಪ್ಪನ್ನೇ ಮೊದಲು ಹೇಳುತ್ತೇನೆ.

ನಾನು ಕುಣಿಗಲ್ ಸೀಮೆಯ ಒಂದು ಹಳ್ಳಿಯಲ್ಲಿದ್ದಾಗ ನನ್ನ ಹಿತ್ತಲಿನ ಅವರೆಗೆ ಕಾಯಿಕೊರಕ ಹುಳ ಬಿದ್ದಿತು. ಗಿಡವು ಹೂವಿನಿಂದ ತುಂಬಿರುವಾಗಲೇ, ಹೊತ್ತೇರಿದ ಮೇಲೆ, ವಿಷದ ಔಷಧವನ್ನು ಹೊಡೆದೆನು. ಮಾರನೆಯ ದಿನ ಬೇಲಿಯ ಬುಡದಲ್ಲಿ ತುಡುವೆ ಜೇನುಗಳೂ ನಸರು ಜೇನುಗಳೂ ಸತ್ತು ಬಿದ್ದಿದ್ದವು. ನಾನು ಲಕ್ಷಿಸಲಿಲ್ಲ. ಬೇಲಿಯ ಆಚೆ ಒಬ್ಬ ವಿಧವೆಯ ಕುಂಬಳದ ಬಳ್ಳಿ ಇತ್ತು. ಸಂತೆಯಲ್ಲಿ ಕಾಯಿ ಮಾರಿ ಆಕೆ ಜೀವನ ನಡಿಸುತ್ತಿದ್ದಳು. ಆ ವಾರದ ಹೀಚುಗಳೆಲ್ಲಾ ಹಳದಿಯಾಗಿ ಉದುರಿದವು. "ಉಪದೇಶಿಯವರೇ, ನನ್ನ ಬಳ್ಳಿಗೆ ಏನಾಯಿತು?" ಎಂದು ಆಕೆ ಕೇಳಲು, "ಬೀಜ ಚೆನ್ನಾಗಿಲ್ಲ, ಅಮ್ಮಾ" ಎಂದೆನು. ಆಕೆ ನಂಬಿದಳು.

ಕುಂಬಳದಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಬೆಳಗ್ಗೆ ಅರಳಿ ಮಧ್ಯಾಹ್ನದೊಳಗೆ ಬಾಡುವವು. ಆ ಸ್ವಲ್ಪ ಹೊತ್ತಿನಲ್ಲಿ ಜೇನು ಪರಾಗವನ್ನು ಹೊತ್ತು ತಾರದಿದ್ದರೆ ಹೀಚು ನಿಲ್ಲದು. ಸೋರೆಯ ಬಿಳಿ ಹೂವು ಸಂಜೆ ಅರಳಿ ಇರುಳಿನ ಪತಂಗಗಳಿಗಾಗಿ ಕಾಯುವದು. ಬದನೆಯ ಪರಾಗವು ಚೀಲದಲ್ಲಿ ಕಟ್ಟಿಟ್ಟಂತೆ ಇದ್ದು ತುದಿಯ ಸಣ್ಣ ರಂಧ್ರದಿಂದ ಹೊರಬರುವದು. ಕರೀ ದುಂಬಿಯು ಹೂವನ್ನು ಹಿಡಿದು ಝೇಂಕರಿಸಿ ನಡುಗಿಸಿದರೆ ಅದು ಉದುರುವದು. ರಾಗಿಗೆ ಇವರ ಸಹಾಯ ಬೇಡ. ರಾಗಿಯ ನಡುವಣ ಹುಚ್ಚೆಳ್ಳಿಗೆ ಬೇಕು. ಹೀಗೆ ಒಬ್ಬೊಬ್ಬ ಸೇವಕನಿಗೆ ಒಂದೊಂದು ವರವುಂಟು.

ಈ ಸೇವಕರು ಎಂದಿಗೂ ಇದ್ದೇ ಇರುವರೆಂದು ನೆನಸಬೇಡಿರಿ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗವು ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಕೊಂದಿತು. ರೋಗವನ್ನು ತಡೆಯುವದು ರೈತನ ಕೈಯಲ್ಲಿರಲಿಲ್ಲ. ವಿಷವನ್ನು ತಡೆಯುವದು ನಮ್ಮ ಕೈಯಲ್ಲಿದೆ.

ಈ ಸಂಗತಿಗಳನ್ನು ತಿಳಿದ ಮೇಲೆ ಪ್ರಾರ್ಥನೆಯು ನನ್ನ ಬಾಯಿಂದ ಬಾರದೆ ಹೋಯಿತು. ಆಕೆಯ ಮನೆಗೆ ಹೋಗಿ, ಬೀಜದ ತಪ್ಪಲ್ಲ, ನನ್ನ ತಪ್ಪು ಎಂದು ಒಪ್ಪಿಕೊಂಡೆನು. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾಳೆ ಬೆಳಗ್ಗೆ ಬಂದು ಕಾಯಿ ಕಟ್ಟಿಸಿರಿ" ಎಂದಳು. ಗಂಡುಹೂವನ್ನು ಕಿತ್ತು ಹೆಣ್ಣುಹೂವಿಗೆ ಮುಟ್ಟಿಸುತ್ತಾ ಹತ್ತು ದಿನ ಜೇನಿನ ಕೆಲಸವನ್ನು ಮಾಡಿದೆನು. ಬೆನ್ನು ನೊಂದಿತು. ಅವು ಕೂಲಿ ಕೇಳದೆ ಮಾಡಿದ್ದು ಎಷ್ಟೆಂದು ಆಗ ತಿಳಿಯಿತು.

ಆದಕಾರಣ ತುಮಕೂರಿನಲ್ಲಿ ಕುಂಡಗಳಲ್ಲಿ ಗಿಡ ಬೆಳಸುವವರೇ, ಗುಬ್ಬಿಯ ತೆಂಗಿನ ತೋಟದವರೇ, ಕೇಳಿರಿ. ಹೂವಿರುವ ಗಿಡಕ್ಕೆ ವಿಷ ಹೊಡೆಯಬೇಡಿರಿ. ಬೇವಿನ ಬೀಜದ ಕಷಾಯವನ್ನಾದರೂ ಹೊತ್ತು ಮುಳುಗಿದ ಮೇಲೆ ಹೊಡೆಯಿರಿ. ಬೇಲಿಯಲ್ಲಿ ತುಂಬೆ ತುಳಸಿಗಳನ್ನು ಬಿಡಿರಿ. ನೆಲದಲ್ಲಿ ಗೂಡು ಮಾಡುವ ಒಂಟಿಜೇನುಗಳಿಗಾಗಿ ಮೊಳದಗಲ ನೆಲವನ್ನು ಅಗೆಯದೆ ಉಳಿಸಿರಿ. ಗೋಡೆಯ ಸಂದಿನ ನಸರು ಚುಚ್ಚಲಾರದು, ಅದರ ಬಾಗಿಲನ್ನು ಮೆತ್ತಬೇಡಿರಿ. ಹೆಜ್ಜೇನಿಗೆ ಬೆಂಕಿಯಿಡಬೇಡಿರಿ.

ಒಂದು ಗುಬ್ಬಿಯನ್ನೂ ಮರೆಯದ ತಂದೆಯು ನನ್ನ ಬೇಲಿಯ ಬುಡದ ಜೇನುಗಳನ್ನೂ ಕಂಡಿದ್ದಾನೆ. ಲೆಕ್ಕ ಒಪ್ಪಿಸುವ ದಿನದಲ್ಲಿ ಎಷ್ಟು ಬೆಳೆದೆ ಎಂದು ಕೇಳುವಾತನು ಏನನ್ನು ಕಾದೆ ಎಂದೂ ಕೇಳುವನು. ಆ ದಿನ ನಾಚದಂತೆ ಆತನು ನಮ್ಮನ್ನು ನಡಿಸಲಿ. ಆಮೆನ್.